ರಾತ್ರಿಗೆಷ್ಟು ಖರ್ಚು: ಸೂಡಿಯಿಂದ ಸೆಲ್ಲಿನವರೆಗೆ

ಮೇ ತಿಂಗಳ ಕೊನೆಗೆ ಭಟ್ಕಳದಿಂದ ಕುಮಟಾವರೆಗಿನ ಯಾವ ಅಂಗಡಿಗೆ ಹೋದರೂ ಮೂರು ಸಾಮಾನು ಮುಂದಿನ ಸಾಲಿಗೆ ಬಂದು ಕೂತಿರುತ್ತವೆ: ಕೊಡೆ, ಪ್ಲಾಸ್ಟಿಕ್ ಹಾಳೆ, ಬ್ಯಾಟರಿ ಸೆಲ್ಲು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆ ಇದು. ಮಳೆ ಹಿಡಿಯಿತೆಂದರೆ ಕರೆಂಟಿನ ಭರವಸೆ ಯಾರೂ ಇಟ್ಟುಕೊಳ್ಳುವುದಿಲ್ಲ. ಇಲ್ಲಿನ ಬೆಳಕೆಯಂಥ ಊರುಗಳಲ್ಲಿ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಘಟ್ಟದ ಕಾಡು. ನಡುವಿನ ಕಿರಿದಾದ ಪಟ್ಟಿಯಲ್ಲಿ ಗದ್ದೆ, ತೆಂಗು, ಅಡಿಕೆ. ಕತ್ತಲಾದ ಮೇಲೆ ಅಂಗಳ ದಾಟುವುದಕ್ಕೂ ಕೈಯಲ್ಲೊಂದು ಬೆಳಕು ಬೇಕು.

ಈಚಿನ ವರ್ಷಗಳಲ್ಲಿ ಸೆಲ್ಲಿನ ಡಬ್ಬಕ್ಕೆ ಹೊಸ ಗಿರಾಕಿಯೊಬ್ಬ ಸೇರಿಕೊಂಡಿದ್ದಾನೆ. ಮರಕ್ಕೆ ಪಟ್ಟಿ ಹಾಕಿ ಬಿಗಿದ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಹಸಿರು ಪೆಟ್ಟಿಗೆ ಅದು, ಕ್ಯಾಮೆರಾ ಟ್ರ್ಯಾಪ್. ಹಾದಿಯಲ್ಲಿ ಪ್ರಾಣಿ ಹಾಯ್ದರೆ ತನ್ನಷ್ಟಕ್ಕೆ ಚಿತ್ರ ತೆಗೆಯುತ್ತದೆ. ಅರಣ್ಯ ಇಲಾಖೆ ಹುಲಿ, ಚಿರತೆಗಳ ಎಣಿಕೆಗೆ ಕಟ್ಟುತ್ತದೆ, ಸಂಶೋಧಕರು ತಮ್ಮ ಅಧ್ಯಯನಕ್ಕೆ ಕಟ್ಟುತ್ತಾರೆ. ತೋಟದ ಬುಡವನ್ನು ಅಗೆದು ಹೋಗುವುದು ಕಾಡುಹಂದಿಯೋ ಮುಳ್ಳುಹಂದಿಯೋ ಎಂದು ತಿಳಿಯಬೇಕಾದ ಕೃಷಿಕರೂ ಇದರ ಬೆಲೆ ವಿಚಾರಿಸುತ್ತಾರೆ. ಬಹಳಷ್ಟು ಕ್ಯಾಮೆರಾಗಳಿಗೆ ಒಮ್ಮೆಗೆ ಎಂಟು ಪೆನ್ ಸೆಲ್ಲು ಬೇಕು. ಯಾವ ಸೆಲ್ಲು ಅಗ್ಗ, ಯಾವುದು ಹೆಚ್ಚು ದಿನ ಬಾಳುತ್ತದೆ ಎಂಬ ಲೆಕ್ಕಾಚಾರ ಅಲ್ಲಿಂದ ಶುರುವಾಗುತ್ತದೆ. ಕ್ಯಾಮೆರಾ ಹೊಸದು, ಲೆಕ್ಕ ಹಳೆಯದು. ಒಂದು ರಾತ್ರಿಯ ಬೆಳಕಿಗೆ ಎಷ್ಟು ಖರ್ಚಾಗುತ್ತದೆ ಎಂದು ಈ ಕರಾವಳಿ ಸೆಲ್ಲು ಹುಟ್ಟುವ ಮೊದಲೂ ಎಣಿಸುತ್ತಿತ್ತು.

ಆಗಿನ ಅತಿ ಅಗ್ಗದ ಬೆಳಕು ಸೂಡಿ. ಒಣಗಿದ ತೆಂಗಿನ ಗರಿಗಳನ್ನು ಒತ್ತಾಗಿ ಕಟ್ಟಿ ತುದಿಗೆ ಬೆಂಕಿ ಹಚ್ಚಿದರೆ ಸೂಡಿ ತಯಾರು. ಕಾಸಿನ ಖರ್ಚಿಲ್ಲ. ಬೀಸುತ್ತ ನಡೆದರೆ ಜ್ವಾಲೆ ಏಳುತ್ತದೆ, ಬೀಸು ನಿಲ್ಲಿಸಿದರೆ ಕೆಂಡವಾಗಿ ಉಳಿಯುತ್ತದೆ. ಬೇಕೆಂದಾಗ ಹೆಚ್ಚಿಸಿ ಬೇಡವೆಂದಾಗ ಇಳಿಸುವ ಸ್ವಿಚ್ಚು ಅದರೊಳಗೇ ಇತ್ತು. ಯಕ್ಷಗಾನದ ಆಟಕ್ಕೆ ಹೋಗುವವರು, ಮೊದಲ ಮಳೆಗೆ ಗದ್ದೆಗೆ ಏರಿ ಬರುವ ಮೀನು ಕಡಿಯಲು ಹೊರಟವರು, ತೋಡಿನ ಬದಿಯಲ್ಲಿ ಏಡಿ ಹಿಡಿಯುವವರು ಎಲ್ಲರೂ ಇದನ್ನೇ ಹಿಡಿದರು. ದೋಷ ಎರಡು. ಬೇಗ ಉರಿದು ಮುಗಿಯುತ್ತದೆ, ಜೋರು ಮಳೆಗೆ ಆರುತ್ತದೆ. ಮನೆಯೊಳಗೆ ಹೊನ್ನೆ ಎಣ್ಣೆಯ ದೀಪ ಉರಿಯುತ್ತಿತ್ತು. ಕರಾವಳಿಯ ಉದ್ದಕ್ಕೂ ಬೆಳೆಯುವ ಹೊನ್ನೆ ಮರದ ಬೀಜದಿಂದ ತೆಗೆದ ಎಣ್ಣೆ. ಹೊಗೆ ಹೆಚ್ಚು, ಬೆಲೆ ಕಡಿಮೆ. ಸೀಮೆಎಣ್ಣೆ ಬಂದ ಮೇಲೆ ಚಿಮಣಿ ಬುಡ್ಡಿ, ಲಾಟೀನುಗಳು ಆ ಜಾಗ ಹಿಡಿದವು.

ಬಯಲಾಟದ ರಂಗಸ್ಥಳಕ್ಕೆ ದೊಂದಿಯ ಬೆಳಕಿತ್ತು. ಅದನ್ನು ಸರಿಸಿ ಬಂದದ್ದು ಗ್ಯಾಸ್‌ಲೈಟು. ಆಸ್ಟ್ರಿಯದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ರೂಪಿಸಿದ ಮ್ಯಾಂಟಲ್, ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್ 1910ರ ಸುಮಾರಿಗೆ ಹೊರತಂದ ಪೆಟ್ರೊಮ್ಯಾಕ್ಸ್ ಇವೆರಡೂ ಸೇರಿ ಯಕ್ಷಗಾನದ ಬಣ್ಣವನ್ನೇ ಬದಲಿಸಿದವು ಎನ್ನಬಹುದು. ಹೊನ್ನಾವರ ತಾಲ್ಲೂಕಿನಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ್ದು ಇಂಥ ಬೆಳಕಿನ ಕಾಲದಲ್ಲಿ. ಗ್ಯಾಸ್‌ಲೈಟು ಎಲ್ಲರ ಮನೆಯ ಸಾಮಾನಾಗಿರಲಿಲ್ಲ. ಮದುವೆಗೆ, ಆಟಕ್ಕೆ ರಾತ್ರಿ ಲೆಕ್ಕದಲ್ಲಿ ಬಾಡಿಗೆಗೆ ತರುತ್ತಿದ್ದರು. ಅದರ ಜೊತೆಗೆ ಪಂಪು ಹೊಡೆಯಲು ಒಬ್ಬ ಮನುಷ್ಯನೂ ಬೇಕು. ಮುಟ್ಟಿದರೆ ಉದುರುವ ಮ್ಯಾಂಟಲ್ಲಿನ ದುಡ್ಡು ಬೇರೆ.

ಕಾಡಂಚಿನ ಗದ್ದೆಯ ರಾತ್ರಿ ಇನ್ನೊಂದು ಬಗೆಯದು. ತೆನೆ ಬಲಿಯುವ ಹೊತ್ತಿಗೆ ಹಂದಿ ಕಾಯಲು ಮಾಳ ಕಟ್ಟಿ, ಕೆಳಗೆ ಬೆಂಕಿ ಮಾಡಿ, ಡಬ್ಬಿ ಬಡಿಯುತ್ತ, ಕೂಗು ಹಾಕುತ್ತ ಬೆಳಗು ಮಾಡುವುದು. ಇಲ್ಲಿ ಬೆಳಕಿಗೆ ಇದ್ದ ಕೆಲಸ ಪ್ರಾಣಿಯ ಕಣ್ಣಿಗೆ ಬಿದ್ದು ಅದನ್ನು ಓಡಿಸುವುದು. ಮರಕ್ಕೆ ಕಟ್ಟಿದ ಇಂದಿನ ಕ್ಯಾಮೆರಾದ ಕೆಲಸ ಇದಕ್ಕೆ ತೀರಾ ಉಲ್ಟಾ. ಪ್ರಾಣಿಗೆ ಕಾಣದ ಹಾಗೆ ಬೆಳಗಬೇಕು, ಅದೂ ಕಾಯುವ ಮನುಷ್ಯ ಇಲ್ಲದೆ.

ಇಂಥ ಕೆಲಸ ಸಾಧ್ಯವಾಗಬೇಕಾದರೆ ಬೆಳಕು ಜೇಬಿಗೆ ಬರಬೇಕಿತ್ತು. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ಮಾಡಿದ ಸತು–ಮ್ಯಾಂಗನೀಸ್ ಕೋಶ ಗಾಜಿನ ಜಾಡಿಯಲ್ಲಿ ದ್ರವ ತುಂಬಿಕೊಂಡಿತ್ತು. ಮೇಜಿನ ಮೇಲೆ ಇಡಬಹುದಾದದ್ದು, ಓಡಾಡುವವರಿಗೆ ಉಪಯೋಗವಿಲ್ಲ. ಜರ್ಮನಿಯ ಕಾರ್ಲ್ ಗಾಸ್ನರ್ 1886ರಲ್ಲಿ ದ್ರವವನ್ನು ಗಟ್ಟಿ ಸರಿಯಂಥ ಮಿಶ್ರಣವಾಗಿ ಮಾಡಿ, ಸತುವಿನ ಡಬ್ಬಿಯನ್ನೇ ಋಣ ಧ್ರುವವಾಗಿಸಿ, ಪೇಟೆಂಟ್ ಪಡೆದ. ಅಡ್ಡ ಹಾಕಿದರೂ ಚೆಲ್ಲದ ಈ ಒಣ ಸೆಲ್ಲಿನ ದೊಡ್ಡ ಗಾತ್ರದ ರೂಪವನ್ನು ಅಮೆರಿಕದ ನ್ಯಾಷನಲ್ ಕಾರ್ಬನ್ ಕಂಪನಿ 1898ರಲ್ಲಿ ಟಾರ್ಚಿಗೆಂದೇ ಹೊರತಂದಿತು. ಊರವರು ದೊಡ್ಡ ಸೆಲ್ಲು ಎನ್ನುವುದು ಇವತ್ತಿಗೂ ಅದನ್ನೇ.

ಭಾರತಕ್ಕೆ ಎವರೆಡಿ ಸೆಲ್ಲು 1905ರಲ್ಲಿ ಆಮದಾಗಿ ಬಂತು. 1939ರಲ್ಲಿ ಕಲ್ಕತ್ತದ ಕಾಸಿಪುರದಲ್ಲಿ, 1952ರಲ್ಲಿ ಮದರಾಸಿನಲ್ಲಿ ಕಾರ್ಖಾನೆಗಳು ಆದವು. ಮುಂದೆ ಯೂನಿಯನ್ ಕಾರ್ಬೈಡ್ ಇಂಡಿಯಾ ಎಂದು ಹೆಸರು ಬದಲಿಸಿಕೊಂಡ ಕಂಪನಿ ಇದೇ. ಒಂಬತ್ತರ ಅಂಕಿಯೊಳಗಿಂದ ಹಾರುವ ಬೆಕ್ಕಿನ ಚಿತ್ರದ ಸೆಲ್ಲು ಕರಾವಳಿಯ ಮನೆಮನೆಯಲ್ಲಿ ಇದ್ದಾಗ, ಅದೇ ಕಂಪನಿಯ ಭೋಪಾಲದ ಕೀಟನಾಶಕ ಘಟಕದಿಂದ 1984ರ ಡಿಸೆಂಬರಿನಲ್ಲಿ ವಿಷಾನಿಲ ಸೋರಿತು. ಸೆಲ್ಲಿನ ಮೇಲಿನ ಹೆಸರನ್ನು ಅಲ್ಲಿಯವರೆಗೆ ಓದಿ ನೋಡದಿದ್ದವರೂ ಆಗ ಓದಿರಬೇಕು. 1994ರಲ್ಲಿ ಕಂಪನಿ ಖೇತಾನ್ ಕುಟುಂಬದ ಕೈಗೆ ಬಂತು, ಮರುವರ್ಷ ಎವರೆಡಿ ಇಂಡಸ್ಟ್ರೀಸ್ ಆಯಿತು. ಆ ಹೊತ್ತಿಗೆ ದಕ್ಷಿಣದಲ್ಲಿ ಅದಕ್ಕೊಂದು ಗಟ್ಟಿ ಪೈಪೋಟಿಯೂ ಇತ್ತು: 1972ರಲ್ಲಿ ಸ್ಥಾಪನೆಯಾಗಿ ನೆಲ್ಲೂರಿನಲ್ಲಿ ಸೆಲ್ಲು ಮಾಡುತ್ತಿದ್ದ ಇಂಡೋ ನ್ಯಾಷನಲ್ ಕಂಪನಿಯ ನಿಪ್ಪೊ.

ಅಗ್ಗವೆಂದು ಹೇಳುವ ಸೆಲ್ಲು ಕೂಲಿಯ ಮನೆಗೆ ಅಗ್ಗವಾಗಿರಲಿಲ್ಲ. ಹಾಗಾಗಿ ಅದನ್ನು ಕೊನೆಯ ಹನಿಯವರೆಗೆ ಹಿಂಡುವ ಒಂದು ಶಿಸ್ತು ಬೆಳೆಯಿತು. ಹೊಸ ಸೆಲ್ಲು ಮೊದಲು ಟಾರ್ಚಿಗೆ. ಬೆಳಕು ಕೆಂಪಗಾದಾಗ ತೆಗೆದು ರೇಡಿಯೋಗೆ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಗಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ವಾರ್ತೆ, ಕೃಷಿರಂಗ, ತಾಳಮದ್ದಲೆ ಕೇಳಲು ಆ ಸೆಲ್ಲು ಇನ್ನೂ ಕೆಲವು ವಾರ ಸಾಕಾಗುತ್ತಿತ್ತು. ಮುಂದೆ ಪೆನ್ ಸೆಲ್ಲಿನ ಕಾಲದಲ್ಲೂ ಇದೇ ಪದ್ಧತಿ: ರಿಮೋಟಿನಲ್ಲಿ ಸೋತದ್ದು ಗೋಡೆ ಗಡಿಯಾರಕ್ಕೆ. ಪೂರ್ತಿ ಸತ್ತಿತೆಂದು ಕಂಡರೆ ಬಿಸಿಲಿಗೆ ಇಡುವುದು. ಕಾವಿಗೆ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗಿ, ಒಂದೆರಡು ಸಂಜೆಗೆ ಮತ್ತೆ ಮಿಣುಕುತ್ತಿತ್ತು. ಟಾರ್ಚು ಚೀಲದೊಳಗೆ ಅಕಸ್ಮಾತ್ ಹೊತ್ತಿಕೊಳ್ಳಬಾರದೆಂದು ಒಂದು ಸೆಲ್ಲನ್ನು ಉಲ್ಟಾ ಹಾಕುವವರಿದ್ದರು. ಕೊನೆಗೂ ಉಳಿದ ಇದ್ದಿಲ ಕಡ್ಡಿ ಮಕ್ಕಳಿಗೆ.

ಬಡತನದ ಜಾಣತನ ಎಂದು ಇದನ್ನು ಬದಿಗಿಡುವ ಹಾಗಿಲ್ಲ, ಏಕೆಂದರೆ ಇದರಲ್ಲಿ ಸೆಲ್ಲಿನ ವಿಜ್ಞಾನವೆಲ್ಲ ಇದೆ. ಸೆಲ್ಲಿನೊಳಗೆ ಎಷ್ಟು ವಿದ್ಯುತ್ತಿದೆ ಎಂಬುದು ಅರ್ಧ ಪ್ರಶ್ನೆ. ಎಷ್ಟು ಜೋರಾಗಿ ಎಳೆಯುತ್ತೀರಿ ಎಂಬುದು ಉಳಿದರ್ಧ. ಟಾರ್ಚಿನ ಬುರುಡೆ ಜೋರಾಗಿ ಎಳೆಯುತ್ತದೆ, ರೇಡಿಯೋ ಮೆತ್ತಗೆ, ಗಡಿಯಾರ ತೀರಾ ಮೆತ್ತಗೆ. ಟಾರ್ಚಿಗೆ ಸತ್ತದ್ದು ಗಡಿಯಾರಕ್ಕೆ ಜೀವಂತ. ಕ್ಯಾಮೆರಾ ಟ್ರ್ಯಾಪಿನ ಮುಖ್ಯ ತೊಡಕು ಕೂಡ ಇಲ್ಲೇ ಇದೆ: ಅದು ಹಗಲೆಲ್ಲ ಗಡಿಯಾರದ ಹಾಗೆ ಇದ್ದು, ರಾತ್ರಿ ಹಠಾತ್ತನೆ ಟಾರ್ಚಾಗುತ್ತದೆ.

ಟಾರ್ಚಿಗೊಂದು ಕಪ್ಪು ಅಧ್ಯಾಯವೂ ಇದೆ. ಹಣೆಗೆ ಬ್ಯಾಟರಿ ಕಟ್ಟಿ, ಬೆಳಕಿಗೆ ಮಿಂಚುವ ಕಣ್ಣಿಗೆ ಗುರಿಯಿಡುವ ರಾತ್ರಿ ಬೇಟೆಯನ್ನು ಹೆಚ್ಚು ಸುಲಭ ಮಾಡಿದ್ದು ದೊಡ್ಡ ಸೆಲ್ಲೇ. ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಹುಲಿ ಕೊಂದವರಿಗೆ ಸರ್ಕಾರವೇ ಬಹುಮಾನ ಕೊಡುತ್ತಿತ್ತು. ಹುಲಿಯನ್ನೇ ದೇವರೆಂದು ನಂಬಿ ಹುಲಿಯಪ್ಪನಿಗೆ ಕಾಯಿ ಒಡೆಯುವ ಜನ ಇರುವ ಜಿಲ್ಲೆಯಲ್ಲೇ ಇದೂ ನಡೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನಲ್ಲಿ ಬೆಳಕು ಹಿಡಿದು ಅಲೆಯುವವರ ಮೇಲೆ ಕೇಸು ಬೀಳತೊಡಗಿತು.

ಪ್ರಾಣಿಯನ್ನು ಕೊಲ್ಲದೆ ರಾತ್ರಿ ಹಿಡಿಯುವ ಆಸೆ ಕಾಯ್ದೆಗಿಂತ ಹಳೆಯದು. ಅಮೆರಿಕದ ಜಾರ್ಜ್ ಶಿರಾಸ್ ಹಾದಿಗೆ ಅಡ್ಡವಾಗಿ ದಾರ ಕಟ್ಟಿ, ಜಿಂಕೆ ಎಡವಿದರೆ ಮೆಗ್ನೀಸಿಯಂ ಪುಡಿ ಭುಗ್ಗೆನ್ನುವಂತೆ ಮಾಡಿ ತೆಗೆದ ಚಿತ್ರಗಳು 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬಂದವು. ನಮ್ಮಲ್ಲಿ ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಇದೇ ವಿಧಾನದಲ್ಲಿ ಹುಲಿಗಳನ್ನು ಚಿತ್ರಿಸಿ 1927ರಲ್ಲಿ ಪುಸ್ತಕ ಮಾಡಿದ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ ಎಂಬುದನ್ನು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದವನೂ ಅವನೇ. ಆ ಪುಡಿಯ ಬೆಳಕು ಒಮ್ಮೆಗೆ ಮುಗಿಯಿತು. ಮತ್ತೆ ಯಾರಾದರೂ ಹೋಗಿ ತುಂಬಬೇಕು.

ಕರ್ನಾಟಕದಲ್ಲಿ ಈ ಕೆಲಸವನ್ನು ವಿಜ್ಞಾನದ ಮಟ್ಟಕ್ಕೆ ಏರಿಸಿದ್ದು ಕರಾವಳಿಯ ಮನುಷ್ಯನೇ. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಕೃಷಿ ಮಾಡಿ, ಆಮೇಲೆ ಹುಲಿಯ ಹಿಂದೆ ಬಿದ್ದವರು. 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಅವರು ಟ್ರೈಲ್‌ಮಾಸ್ಟರ್ ಎಂಬ ಅಮೆರಿಕದ ಉಪಕರಣ ಬಳಸಿದರು. ಹಾದಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಕಣ್ಣಿಗೆ ಕಾಣದ ಅವಗೆಂಪು ಕಿರಣ; ಪ್ರಾಣಿ ಅದನ್ನು ಕಡಿದರೆ ಫಿಲ್ಮ್ ಕ್ಯಾಮೆರಾ ಕ್ಲಿಕ್. ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿ, ಮತ್ತೆ ಮತ್ತೆ ಸಿಕ್ಕಿದವೆಷ್ಟು ಎಂಬ ಗಣಿತದಿಂದ ಒಟ್ಟು ಸಂಖ್ಯೆ ಅಂದಾಜು ಮಾಡುವ ಅವರ ಪ್ರಬಂಧ 1995ರಲ್ಲಿ ಪ್ರಕಟವಾಯಿತು. ಕಿರಣ ಬಿಡುವ ಪೆಟ್ಟಿಗೆ ಎಚ್ಚರವಿದ್ದಷ್ಟು ಹೊತ್ತೂ ಕಿರಣ ಹೊರಡಲೇಬೇಕು. ಪ್ರಾಣಿ ಬರಲಿ ಬಿಡಲಿ, ಸೆಲ್ಲು ಇಳಿಯುತ್ತಲೇ ಇರುತ್ತದೆ.

ಈಗಿನ ಕ್ಯಾಮೆರಾಗಳು ಬೇರೆ ದಾರಿ ಹಿಡಿದಿವೆ. ಅವು ಏನನ್ನೂ ಬಿಡುವುದಿಲ್ಲ. ಎದುರಿನ ಶಾಖದಲ್ಲಿ ಆಗುವ ಏರಿಳಿತವನ್ನು ಸುಮ್ಮನೆ ಗಮನಿಸುತ್ತವೆ. ಇದರಿಂದ ಸೆಲ್ಲಿನ ಆಯುಸ್ಸು ಎಷ್ಟೋ ಪಟ್ಟು ಹೆಚ್ಚಿತು. ಡಿಜಿಟಲ್ ಬಂದ ಮೇಲೆ ಫಿಲ್ಮಿನ 36 ಚಿತ್ರಗಳ ಮಿತಿಯೂ ಹೋಯಿತು, ಕ್ಯಾಮೆರಾವನ್ನು ತಿಂಗಳುಗಟ್ಟಲೆ ಬಿಡಬಹುದು ಎನ್ನಿಸಿತು. ಆಗ ಸೆಲ್ಲೇ ಕೊನೆಯ ಮಿತಿಯಾಗಿ ಉಳಿಯಿತು.

ಈ ವಿದ್ಯೆ ಎಷ್ಟು ಉಪಯೋಗಕ್ಕೆ ಬಂದಿತೆಂಬುದಕ್ಕೆ ಘಟ್ಟದ ಮೇಲಿನ ಒಂದು ಪ್ರಸಂಗ ಸಾಕು. 2011ರ ಮೇ ತಿಂಗಳಲ್ಲಿ ಶಿಕಾರಿಪುರ ತಾಲ್ಲೂಕಿನ ಗಾಮ ಗ್ರಾಮದ ಬಳಿ ಒಂದು ಗಂಡು ಹುಲಿಯನ್ನು ಹಿಡಿದರು. ಪಟ್ಟೆಗಳನ್ನು ಹೋಲಿಸಿದಾಗ ಅದು ಬಂಡೀಪುರದ ಕ್ಯಾಮೆರಾದಲ್ಲಿ ಹಿಂದಿನ ವರ್ಷ ದಾಖಲಾಗಿದ್ದ ಬಿಪಿಟಿ-241 ಎಂದು ತಿಳಿಯಿತು. ಸುಮಾರು 280 ಕಿಲೋಮೀಟರ್ ದೂರ ಅದು ಬಂದಿತ್ತು. ಬಂಡೀಪುರದ ಆ ಕ್ಯಾಮೆರಾದಲ್ಲಿ ಅವತ್ತು ಸೆಲ್ಲು ಮುಗಿದಿದ್ದರೆ ಅದು ಎಲ್ಲಿಂದಲೋ ಬಂದ ಇನ್ನೊಂದು ಹುಲಿಯಾಗಿ ಉಳಿಯುತ್ತಿತ್ತು.

ದೇಶದ ಮಟ್ಟಕ್ಕೆ ಹೋದರೆ ಅಂಕಿ ದಂಗುಬಡಿಸುತ್ತದೆ. 2018ರ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಕಟ್ಟಿದ್ದರು. ಬಂದ ಚಿತ್ರಗಳು ಸುಮಾರು 3.48 ಕೋಟಿ. ಗಿನ್ನೆಸ್ ದಾಖಲೆ ಪುಸ್ತಕಕ್ಕೂ ಅದು ಸೇರಿತು. ಹುಲಿಯ ಎರಡೂ ಮಗ್ಗುಲು ಬೇಕೆಂದು ಒಂದೊಂದು ಜಾಗಕ್ಕೆ ಜೋಡಿ ಕ್ಯಾಮೆರಾ ಇಡುವುದು ರೂಢಿ. ಕ್ಯಾಮೆರಾಕ್ಕೆ ನಾಲ್ಕೇ ಸೆಲ್ಲು ಎಂದು ಕೈ ಬಿಗಿಹಿಡಿದು ಗುಣಿಸಿದರೂ ಎರಡು ಲಕ್ಷ ದಾಟುತ್ತದೆ, ಅದೂ ಒಂದು ಸಲ ತುಂಬಲು ಮಾತ್ರ. ಚಿತ್ರಗಳಲ್ಲಿ ಹುಲಿ ಇದ್ದದ್ದು 76,651ರಲ್ಲಿ. ಉಳಿದ ಕೋಟಿಗಟ್ಟಲೆ ಚಿತ್ರಗಳಲ್ಲಿ ಬೇರೆ ಪ್ರಾಣಿ, ದನ, ಮನುಷ್ಯ, ಅಲುಗಾಡಿದ ಹುಲ್ಲು.

ಹುಲ್ಲಿನ ಮಾತು ತಮಾಷೆಗಲ್ಲ. ಒಂದು ಲೆಕ್ಕ ಹಾಕಿ ನೋಡಬಹುದು. ಎಂಟು ಸೆಲ್ಲುಗಳ ಸಾಲಿನಿಂದ ಉಪಯೋಗಕ್ಕೆ ಸಿಗುವುದು 2000 ಮಿಲಿಆಂಪ್-ಗಂಟೆ ಎಂದುಕೊಳ್ಳಿ. ಸುಮ್ಮನೆ ಕಾಯುವಾಗ ಕ್ಯಾಮೆರಾ 0.2 ಮಿಲಿಆಂಪ್ ಎಳೆದರೆ ದಿನಕ್ಕೆ ಐದೂ ಆಗುವುದಿಲ್ಲ, ವರ್ಷ ದಾಟಬಹುದು. ರಾತ್ರಿ ಅವಗೆಂಪು ದೀಪ ಹೊತ್ತಿಸಿ ಹತ್ತು ಸೆಕೆಂಡಿನ ವಿಡಿಯೋ ತೆಗೆಯಲು ಅರ್ಧ ಆಂಪ್ ಬೇಕಾದರೆ ಒಂದು ವಿಡಿಯೋಗೆ ಸುಮಾರು 1.4 ಮಿಲಿಆಂಪ್-ಗಂಟೆ. ಗಾಳಿಗೆ ತೊನೆಯುವ ಒಂದು ಕೊಂಬೆಯಿಂದಾಗಿ ರಾತ್ರಿಗೆ ನೂರು ವಿಡಿಯೋ ಆಯಿತೋ, ಹದಿನೈದು ದಿನಕ್ಕೆ ಎಲ್ಲ ಖಾಲಿ. ಆದ್ದರಿಂದ ಕಾಡಿನಲ್ಲಿ ಕೆಲಸ ಮಾಡಿದವರ ಮೊದಲ ಉಪಾಯಕ್ಕೆ ಖರ್ಚಿಲ್ಲ: ಕತ್ತಿಯಿಂದ ಎದುರಿನ ಹುಲ್ಲು ಸವರುವುದು, ಸೂರ್ಯನಿಗೆ ಮುಖ ಮಾಡಿ ಕಟ್ಟದಿರುವುದು, ವಿಡಿಯೋ ಬಿಟ್ಟು ಚಿತ್ರಕ್ಕಿಡುವುದು.

ಸೆಲ್ಲು ಆರಿಸುವ ಮಾತಿಗೆ ಬಂದರೆ, ಅಂಗಡಿಯ ಅತಿ ಅಗ್ಗದ ಸತು–ಇದ್ದಿಲ ಸೆಲ್ಲು ಇಲ್ಲಿ ಅತಿ ದುಬಾರಿ. ಜೋರಾಗಿ ಎಳೆದರೆ ಅದು ಕೂಡಲೇ ಬಸವಳಿಯುತ್ತದೆ. ಡಬ್ಬಿಯೇ ಧ್ರುವವಾದ್ದರಿಂದ ಸತು ಸವೆದು ತೂತಾಗಿ ಒಳಗಿನದು ಸೋರುತ್ತದೆ. ಮಳೆಗಾಲ ಕಳೆದ ಮೇಲೆ ಮುಚ್ಚಳವೇ ತಿರುಗದಂತಾದ ಹಿತ್ತಾಳೆ ಟಾರ್ಚು ಕರಾವಳಿಯ ಹಳೆ ಮನೆಗಳಲ್ಲಿ ಹುಡುಕಿದರೆ ಸಿಗುತ್ತದೆ. ಆಲ್ಕಲೈನ್ ಸೆಲ್ಲನ್ನು ಮಾರುಕಟ್ಟೆಗೆ ಬರುವಂತೆ ಮಾಡಿದ್ದು ಎವರೆಡಿಯ ಅಮೆರಿಕದ ಪ್ರಯೋಗಾಲಯದಲ್ಲಿದ್ದ ಲೂಯಿಸ್ ಅರ್ರಿ, 1950ರ ದಶಕದ ಕೊನೆಯಲ್ಲಿ. ಬೆಲೆ ಎರಡು ಮೂರು ಪಟ್ಟಾದರೂ ಬಾಳಿಕೆ ಅದಕ್ಕಿಂತ ಹೆಚ್ಚು. ದೋಷವೆಂದರೆ ಒತ್ತಡ 1.5 ವೋಲ್ಟಿನಿಂದ ಮೆಲ್ಲಗೆ ಇಳಿಯುತ್ತ ಹೋಗುತ್ತದೆ. ಇನ್ನೂ ಸತ್ವ ಇರುವಾಗಲೇ ರಾತ್ರಿಯ ದೀಪ ಮಂಕಾಗುತ್ತದೆ. ಖಾಲಿಯಾದದ್ದನ್ನು ಮರೆತು ಬಿಟ್ಟರೆ ಇದೂ ಸೋರುತ್ತದೆ.

ಲಿಥಿಯಂ–ಕಬ್ಬಿಣದ ಪೆನ್ ಸೆಲ್ಲು ಗುಣದಲ್ಲಿ ಎಲ್ಲಕ್ಕೂ ಮೇಲು. 3000 ಮಿಲಿಆಂಪ್-ಗಂಟೆಯ ಹತ್ತಿರ ಸಾಮರ್ಥ್ಯ, ಕೊನೆಯವರೆಗೂ ಹೆಚ್ಚು ಕಡಿಮೆ ಒಂದೇ ಒತ್ತಡ, ಸೋರಿಕೆ ಅಪರೂಪ, ತೂಕ ಆಲ್ಕಲೈನಿನ ಮೂರರಲ್ಲಿ ಎರಡು ಪಾಲು. ಘಟ್ಟದ ಏರು ಹತ್ತಿ ಚೀಲದಲ್ಲಿ ನೂರು ಸೆಲ್ಲು ಹೊರುವವನಿಗೆ ಈ ತೂಕದ ಬೆಲೆ ಗೊತ್ತು. ಹಿಮ ಬೀಳುವ ದೇಶದವರು ಇದನ್ನು ಕೊಂಡಾಡಲು ಮುಖ್ಯ ಕಾರಣ ಚಳಿ. ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅದು ದುಡಿಯುತ್ತದೆ. ಹೊನ್ನಾವರದ ಕಾಡಿಗೆ ಆ ಗುಣಕ್ಕೆ ದುಡ್ಡು ಕೊಡುವ ಅಗತ್ಯ ಇಲ್ಲ. ಮತ್ತೆ ಮತ್ತೆ ಹೋಗಲಾಗದ ದೂರದ ಜಾಗವೊಂದಿದ್ದರೆ ಮಾತ್ರ ಇದು ಲಾಭ.

ಈ ಸೀಮೆಗೆ ಒಪ್ಪುವುದು ರೀಚಾರ್ಜ್ ಮಾಡುವ ನಿಕಲ್–ಮೆಟಲ್ ಹೈಡ್ರೈಡ್ ಸೆಲ್ಲು ಎಂದು ಧೈರ್ಯವಾಗಿ ಹೇಳಬಹುದು. ಮೊದಲ ತಲೆಮಾರಿನವು ಬಳಸದಿದ್ದರೂ ತಿಂಗಳಿಗೆ ನೂರಕ್ಕೆ ಇಪ್ಪತ್ತರಷ್ಟು ತಾವೇ ಇಳಿದುಬಿಡುತ್ತಿದ್ದವು. ಸೆಕೆಗೆ ಇನ್ನೂ ಬೇಗ. 2005ರ ನವೆಂಬರಿನಲ್ಲಿ ಜಪಾನಿನ ಸ್ಯಾನ್ಯೊ ತಂದ ಎನಿಲೂಪ್ ವರ್ಷವಾದರೂ ಬಹುಪಾಲು ಉಳಿಸಿಕೊಂಡಿತು, ಆಮೇಲೆ ಬೇರೆ ಕಂಪನಿಗಳೂ ಅದೇ ಬಗೆಯದನ್ನು ತಂದವು. ನೂರಾರು ಸಲ ತುಂಬಬಹುದು, ಜೋರಾಗಿ ಎಳೆದರೂ ಬಗ್ಗುವುದಿಲ್ಲ. ಕೊಳ್ಳುವಾಗಲಷ್ಟೇ ಕೈ ಕಚ್ಚುತ್ತದೆ. ಒಂದು ಎಚ್ಚರ ಬೇಕು: ಇದರ ಒತ್ತಡ 1.2 ವೋಲ್ಟ್. ಎಂಟು ಸೆಲ್ಲಿಗೆ 12 ವೋಲ್ಟ್ ನಿರೀಕ್ಷಿಸುವ ಕ್ಯಾಮೆರಾಕ್ಕೆ 9.6 ಮಾತ್ರ ಸಿಗುತ್ತದೆ. ಕೆಲವು ಮಾದರಿಗಳು ತುಂಬಿದ ಸೆಲ್ಲನ್ನೇ ಖಾಲಿ ಎಂದು ತೋರಿಸಿ ಕಣ್ಣು ಮುಚ್ಚುತ್ತವೆ. ಕೊಳ್ಳುವ ಮೊದಲು ಕ್ಯಾಮೆರಾದ ಕೈಪಿಡಿ ನೋಡುವುದು ವಾಸಿ. ಹೊಸದು ಹಳೆಯದು ಕೂಡಿಸಬಾರದೆಂಬ ಟಾರ್ಚಿನ ಕಾಲದ ನಿಯಮ ಇಲ್ಲಿ ಇನ್ನೂ ಕಟ್ಟುನಿಟ್ಟು, ಏಕೆಂದರೆ ಎಂಟರಲ್ಲಿ ಸೋತ ಒಂದನ್ನು ಉಳಿದ ಏಳು ಸೇರಿ ಹಾಳುಮಾಡುತ್ತವೆ.

ಹೊರಗಿನಿಂದ ದೊಡ್ಡ ಬ್ಯಾಟರಿ ಜೋಡಿಸುವ ದಾರಿಯೂ ಉಂಟು. ಹಂದಿ ತಡೆಯಲು ಹಾಕುವ ಐಬೆಕ್ಸ್ ವಿದ್ಯುತ್ ಬೇಲಿಗೆ 12 ವೋಲ್ಟಿನ ಬ್ಯಾಟರಿ, ಸೋಲಾರ್ ಹಲಗೆ ಇರುವ ತೋಟಗಳು ಈಗ ಹೊಸತಲ್ಲ. ಹರೀಶ್ ಹಂದೆಯವರ ಸೆಲ್ಕೊ 1995ರಲ್ಲಿ ಶುರುವಾಗಿ ಕರಾವಳಿ, ಮಲೆನಾಡಿನ ಮನೆಗಳಿಗೆ ಸೋಲಾರ್ ದೀಪ ಮುಟ್ಟಿಸಿದ ಮೇಲೆ ಸೀಸ–ಆಮ್ಲದ ಬ್ಯಾಟರಿ ನೋಡಿಕೊಳ್ಳುವ ಕೈಗಳೂ ಊರಲ್ಲಿ ತಯಾರಾದವು. ತೋಟದ ಅಂಚಿಗೆ ಇದು ಸರಿ. ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ನಡುಹಗಲಿಗೂ ನೆಲಕ್ಕೆ ಬಿಸಿಲು ಬೀಳುವುದಿಲ್ಲ. ಅಲ್ಲಿ ಹಲಗೆ ಕಟ್ಟಿ ಫಲವಿಲ್ಲ. ಅಲ್ಲೇ ಇನ್ನೊಂದು ವಿಚಿತ್ರ: 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವೆಂದು 930 ಚದರ ಕಿಲೋಮೀಟರ್ ಘೋಷಣೆಯಾದದ್ದು ಯಾವ ಪ್ರಾಣಿಗಾಗಿಯೋ, ಆ ಸಿಂಗಳೀಕ ಮರದ ತುದಿಯಲ್ಲಿ ಬದುಕುವುದರಿಂದ ಸೊಂಟದೆತ್ತರಕ್ಕೆ ಕಟ್ಟಿದ ಕ್ಯಾಮೆರಾಕ್ಕೆ ಬೀಳುವುದು ಅಪರೂಪ. ಅದನ್ನು ಎಣಿಸಲು ಹಗಲು ಹೊತ್ತು ಕಾಡು ನಡೆಯುವ ಕಾಲು ಬೇಕು. ಚಿರತೆ, ಪುನುಗು, ಕಾಟಿ, ಮುಳ್ಳುಹಂದಿಗಳ ರಾತ್ರಿಗೆ ಸೆಲ್ಲು.

ಕಾಡಿನೊಳಗೆ ಕ್ಯಾಮೆರಾ ಕಟ್ಟಲು ಇಲಾಖೆಯ ಅನುಮತಿ ಬೇಕು. ಸ್ವಂತ ತೋಟದಲ್ಲಿ ಕಟ್ಟುವವರಿಗೆ ಇರುವ ಶತ್ರುಗಳು ಇರುವೆ, ತೇವ ಮತ್ತು ಕಳ್ಳರು. ಸೆಲ್ಲಿನ ಗೂಡಿನಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ ಇಡುವುದು, ಮುಚ್ಚಳದ ರಬ್ಬರಿನಲ್ಲಿ ಮಣ್ಣಿನ ಕಣ ಉಳಿಯದಂತೆ ಒರೆಸುವುದು, ತುದಿಗಳಲ್ಲಿ ಹಸಿರು ಕಂಡರೆ ಉಜ್ಜುವುದು ಇವೆಲ್ಲ ಜೂನ್ ಬರುವ ಮೊದಲಿನ ಕೆಲಸ. ಅನುಭವಸ್ಥರು ಮಳೆಗಾಲಕ್ಕೆ ಕ್ಯಾಮೆರಾ ಬಿಚ್ಚಿ ಸೆಲ್ಲು ತೆಗೆದಿಡುತ್ತಾರೆ.

ತೆಗೆದ ಸೆಲ್ಲು ಎಲ್ಲಿಗೆ ಹೋಗುತ್ತದೆ? ಟಾರ್ಚಿನ ಕಾಲದಲ್ಲಿ ತೆಂಗಿನ ಬುಡಕ್ಕೆ, ಹಿತ್ತಿಲಿಗೆ, ತೋಡಿಗೆ. 2001ರ ನಿಯಮ ಸೀಸದ ಬ್ಯಾಟರಿಯನ್ನಷ್ಟೇ ಮುಟ್ಟಿತ್ತು. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಪೆನ್ ಸೆಲ್ಲನ್ನೂ ಸೇರಿಸಿ ಎಲ್ಲ ಬಗೆಯವನ್ನೂ ತಯಾರಕರೇ ಹಿಂದಕ್ಕೆ ಪಡೆಯಬೇಕೆಂದು ಹೇಳುತ್ತವೆ. ಸೆಲ್ಲು ಮಾರುವ ಅಂಗಡಿ ಹಳ್ಳಿಹಳ್ಳಿಗೂ ಇದೆ, ಹಿಂದಕ್ಕೆ ತೆಗೆದುಕೊಳ್ಳುವ ಡಬ್ಬ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನೂರಾರು ಸಲ ತುಂಬುವ ಸೆಲ್ಲಿನ ಪರ ಇನ್ನೊಂದು ವಾದ ಬೇಕಿದ್ದರೆ ಇದನ್ನೂ ಸೇರಿಸಿಕೊಳ್ಳಬಹುದು: ಎಂಟು ಸೆಲ್ಲಿನ ಕ್ಯಾಮೆರಾಕ್ಕೆ ಎರಡು ತಿಂಗಳಿಗೊಮ್ಮೆ ಬಿಸಾಡುವ ಸೆಲ್ಲು ಹಾಕಿದರೆ ವರ್ಷಕ್ಕೆ 48 ಸೆಲ್ಲು ಕಾಡಿನಿಂದ ಹೊತ್ತು ತರಬೇಕು, ರೀಚಾರ್ಜಿನದಾದರೆ ಎಂಟರ ಎರಡು ಸೆಟ್ಟು, ಹದಿನಾರೇ ಸೆಲ್ಲುಗಳಲ್ಲಿ ಹಲವು ವರ್ಷ ನಡೆಯುತ್ತದೆ.